ಮೈಸೂರಿನಲ್ಲಿ ಬಿಷಪರು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಜನಕ್ಕೆ ಮೈಸೂರಿನ ಮಿಷನ್ ಆಸ್ಪತ್ರೆಯ ಹೆಸರು ಹೊಸದಲ್ಲ. 1906ರಲ್ಲಿ ಹೆಂಗಸರ ಮತ್ತು ಮಕ್ಕಳ ಚಿಕಿತ್ಸೆಗೆಂದು ತೆರೆದ ಈ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ಇಂದು ದಕ್ಷಿಣ ಭಾರತ ಸಭೆ ಎಂಬ ಕ್ರೈಸ್ತ ಸಂಸ್ಥೆಗೆ ಸೇರಿದೆ. ಆ ಸಭೆಯಲ್ಲಿ ಒಂದೊಂದು ಪ್ರಾಂತಕ್ಕೂ ಒಬ್ಬ ಹಿರಿಯರಿರುತ್ತಾರೆ. ಅವರನ್ನು ಬಿಷಪರೆಂದು ಕರೆಯುತ್ತಾರೆ. ಆದರೆ ಆಸ್ಪತ್ರೆಯನ್ನು ಕಟ್ಟಿದ ವೆಸ್ಲಿಯನ್ ಮಿಷನ್ನಿನವರಿಗೆ ಬಿಷಪರೇ ಇರಲಿಲ್ಲ. ಬಿಷಪರ ಆಳ್ವಿಕೆಯಿಂದ ಹೊರಬಂದವರ ಪರಂಪರೆ ಅವರದು. ಹಾಗೆ ಹೊರಬಂದವರು ನೂರಾರು ವರ್ಷಗಳ ಮೇಲೆ ಆ ಪದವಿಯನ್ನು ಮರಳಿ ಒಪ್ಪಿಕೊಂಡುದು ಹೇಗೆ ಎಂಬುದು ತಿಳಿಯಬೇಕಾದ ಸಂಗತಿ.

ಬಿಷಪ್ ಎಂಬ ಮಾತಿನ ಮೂಲ ಗ್ರೀಕ್ ಭಾಷೆಯದು. ಮೇಲ್ವಿಚಾರಕ ಎಂದು ಅದರ ಅರ್ಥ. ಕನ್ನಡ ಬೈಬಲ್ಲಿನ ಅನುವಾದಕರು ಇದನ್ನು ಸಭಾಧ್ಯಕ್ಷ ಎಂದರು. ಊರೂರಿನ ಚರ್ಚುಗಳಲ್ಲಿ ಆರಾಧನೆ ನಡೆಸುವವರು ಸಭಾಪಾಲಕರು. ಈ ಸಭಾಪಾಲಕರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ದೀಕ್ಷೆ ಕೊಡುವುದು ಬಿಷಪರ ಮುಖ್ಯ ಕಾರ್ಯ. ಬಿಷಪರಿಗೆ ದೀಕ್ಷೆ ಕೊಡುವವರು ಬೇರೆ ಬಿಷಪರು. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದಂತೆ ಈ ಸಾಲು ಯೇಸುವಿನ ಶಿಷ್ಯರ ಕಾಲದಿಂದ ಬಂದುದೆಂದು ಆಂಗ್ಲಿಕನ್ ಸಭೆಯವರು ನಂಬುತ್ತಾರೆ. ಕುರುಬನ ಕೋಲನ್ನು ಹೋಲುವ ದಂಡವೊಂದು ಬಿಷಪರ ಕೈಯಲ್ಲಿರುತ್ತದೆ. ಅವರ ಪೀಠವಿರುವ ಚರ್ಚಿಗೆ ಕೆಥೀಡ್ರಲ್ ಎಂದು ಹೆಸರು.

ಇಂಗ್ಲೆಂಡಿನಲ್ಲಿ ಈ ಪದವಿಗಳಲ್ಲಿ ಹಿರಿದಾದುದು ಕ್ಯಾಂಟರ್ಬರಿಯದು. 597ರಲ್ಲಿ ರೋಮಿನಿಂದ ಬಂದ ಆಗಸ್ಟೀನರು ಅಲ್ಲಿಯ ಮೊದಲಿಗರು. 1534ರಲ್ಲಿ ಎಂಟನೆಯ ಹೆನ್ರಿಯು ಪೋಪರ ಅಧಿಕಾರವನ್ನು ತೊಡೆದುಹಾಕಿದ ಮೇಲೆ ಬಿಷಪರ ನೇಮಕ ದೊರೆಯ ಕೈಗೆ ಬಂದಿತು. ಧರ್ಮದ ಪದವಿಗೆ ರಾಜಮುದ್ರೆ ಬಿದ್ದುದು ಹೀಗೆ. ಮೈಸೂರಿನಲ್ಲಿ ರೋಮನ್ ಕ್ಯಾಥೊಲಿಕ್ ಬಿಷಪರೂ ಇದ್ದಾರೆ; ಅವರ ನೇಮಕ ಇಂದಿಗೂ ಪೋಪರದು. ಈ ಪಾಠದ ವಿಷಯ ಅವರಲ್ಲ.

ಹದಿನೆಂಟನೆಯ ಶತಮಾನದಲ್ಲಿ ಜಾನ್ ವೆಸ್ಲಿ ಎಂಬ ಆಂಗ್ಲಿಕನ್ ಪಾದ್ರಿ ಬಡವರ ನಡುವೆ, ಗಣಿಗಳ ಬಾಯಲ್ಲಿ, ಬಯಲಿನಲ್ಲಿ ನಿಂತು ಬೋಧಿಸಿದರು. ಅಮೆರಿಕದಲ್ಲಿದ್ದ ಅವರ ಅನುಯಾಯಿಗಳಿಗೆ ಸಂಸ್ಕಾರ ನಡೆಸುವವರಿರಲಿಲ್ಲ. ಒಬ್ಬರಿಗೆ ದೀಕ್ಷೆ ಕೊಡಿರೆಂದು ವೆಸ್ಲಿ ಲಂಡನ್ನಿನ ಬಿಷಪರನ್ನು ಕೇಳಿದರು; ಬಿಷಪರು ಒಪ್ಪಲಿಲ್ಲ. 1784ರಲ್ಲಿ ವೆಸ್ಲಿ ತಾವೇ ಕೈಯಿಟ್ಟು ದೀಕ್ಷೆ ಕೊಟ್ಟುಬಿಟ್ಟರು. ಬಿಷಪರಲ್ಲದವರು ಹಾಗೆ ಮಾಡಬಹುದೆ? ಈ ಒಂದು ಪ್ರಶ್ನೆ ಆಗಲೇ ಇದ್ದ ಬಿರುಕನ್ನು ಹಿರಿದುಮಾಡಿತು. ವೆಸ್ಲಿಯವರ ಮರಣಾನಂತರ ಅವರ ಹಾದಿಯ ಮೆಥಡಿಸ್ಟರು ಬೇರೆಯೇ ಸಭೆಯಾದರು. ಆ ಸಭೆಯ ಮಿಷನರಿಗಳೇ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರು, ಗುಬ್ಬಿ, ಮೈಸೂರುಗಳಿಗೆ ಬಂದು ಶಾಲೆಗಳನ್ನೂ ಅಚ್ಚುಕೂಟವನ್ನೂ ನಡೆಸಿದರು. ಮೈಸೂರಿನಿಂದ 1887ರಲ್ಲಿ ಹೊರಟ 'ವೃತ್ತಾಂತ ಪತ್ರಿಕೆ' ಅವರದೇ.

ಇತ್ತ ಆಂಗ್ಲಿಕನ್ ಬಿಷಪರ ಪದವಿ ಭಾರತಕ್ಕೆ ಬಂದುದು ಕಂಪೆನಿ ಸರ್ಕಾರದ ಹಿಂದೆ. 1814ರಲ್ಲಿ ಥಾಮಸ್ ಮಿಡ್ಲ್‌ಟನ್ನರು ಕಲ್ಕತ್ತೆಯ ಮೊದಲ ಬಿಷಪರಾದರು. ಇಡೀ ಭಾರತ ಅವರೊಬ್ಬರ ಪಾಲಿಗೆ. 1824ರಲ್ಲಿ ದೂರದ ಆಸ್ಟ್ರೇಲಿಯವನ್ನೂ ಕಲ್ಕತ್ತೆಗೇ ಸೇರಿಸಿದರು! ಬೆಂಗಳೂರಿನ ದಂಡಿನವರಿಗೆಂದು ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚು 1816ರಲ್ಲಿ ಪ್ರತಿಷ್ಠೆಯಾದುದು ಕಲ್ಕತ್ತೆಯ ಬಿಷಪರಿಂದ. ಇಷ್ಟು ದೊಡ್ಡ ಹೊರೆಯನ್ನು ಒಬ್ಬ ಮನುಷ್ಯ ಹೊರುವುದು ಹೇಗೆ? 1822ರಿಂದ 1831ರ ಒಳಗೆ ನಾಲ್ವರು ಬಿಷಪರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಎರಡನೆಯವರಾದ ರೆಜಿನಾಲ್ಡ್ ಹೀಬರರು 1826ರಲ್ಲಿ ತಿರುಚಿನಾಪಳ್ಳಿಯ ಪ್ರವಾಸದಲ್ಲಿ, ಬಿಸಿಲಿನ ದಿನ ಸ್ನಾನಕ್ಕಿಳಿದವರು ಮೇಲೇಳಲಿಲ್ಲ. ಭಾರತೀಯರಿಗೆ ದೀಕ್ಷೆ ಕೊಡಲು ಕಾನೂನು ತಮಗೆ ಅಧಿಕಾರವಿತ್ತಿಲ್ಲವೆಂದು ಮಿಡ್ಲ್‌ಟನ್ನರು ಹಿಂಜರಿದಿದ್ದರು. ಆ ತಡೆ ನೀಗಿದ ಮೇಲೆ ದೀಕ್ಷೆ ಕೊಟ್ಟವರು ಈ ಹೀಬರರು. 1833ರ ಶಾಸನದಿಂದ ಕಲ್ಕತ್ತೆಯ ಬಿಷಪರಿಗೆ ಮೆಟ್ರೊಪಾಲಿಟನ್ ಎಂಬ ಹಿರಿತನವೂ ಮದರಾಸು, ಮುಂಬಯಿಗಳಿಗೆ ಪ್ರತ್ಯೇಕ ಬಿಷಪರೂ ಬಂದರು. 1835ರಿಂದ ಮೈಸೂರು ಸೀಮೆಯ ಆಂಗ್ಲಿಕನ್ನರು ಮದರಾಸಿಗೆ ಸೇರಿದರು.

ಬಿಳಿಯರಲ್ಲದವರು ಆ ಪೀಠವೇರಲು ಮತ್ತೆ ಎಪ್ಪತ್ತೇಳು ವರ್ಷ ಬೇಕಾಯಿತು. 1912ರಲ್ಲಿ ವಿ. ಎಸ್. ಅಜರಯ್ಯನವರು ದೋರ್ನಕಲ್ಲಿನ ಬಿಷಪರಾದರು. ಆಂಗ್ಲಿಕನ್ ಬಿಷಪರಾದ ಮೊದಲ ಭಾರತೀಯರು ಅವರೇ. 1930ರಲ್ಲಿ ಭಾರತದ ಆಂಗ್ಲಿಕನ್ ಸಭೆಯು ಬ್ರಿಟಿಷ್ ಸರ್ಕಾರದ ಕಟ್ಟಿನಿಂದ ಬಿಡುಗಡೆ ಹೊಂದಿತು.

ಕ್ರಿಸ್ತನ ಹೆಸರು ಹೇಳುವವರೇ ಒಂದೇ ಊರಿನಲ್ಲಿ ಬೇರೆ ಬೇರೆ ಪಂಕ್ತಿಯಲ್ಲಿ ಕೂರುವುದು ಅಜರಯ್ಯನವರಿಗೆ ಸಹಿಸದ ವಿಷಯ. ಇಂಗ್ಲೆಂಡಿನ ಜಗಳಗಳನ್ನು ನಮ್ಮ ಜನ ಏಕೆ ಹೊರಬೇಕು? 1919ರಲ್ಲಿ ತರಂಗಂಬಾಡಿಯಲ್ಲಿ ಮಾತುಕತೆ ಮೊದಲಾಯಿತು. ಅದು ಮುಗಿಯಲು ಇಪ್ಪತ್ತೆಂಟು ವರ್ಷ ಹಿಡಿಯಿತು. ತೊಡಕೆಲ್ಲ ಬಿಷಪರ ಪದವಿಯದೇ. ಬಿಷಪರ ಕೈ ಮುಟ್ಟದ ಪಾದ್ರಿ ಪಾದ್ರಿಯೇ ಅಲ್ಲವೆಂದು ಕೆಲವು ಆಂಗ್ಲಿಕನ್ನರು; ಬಿಷಪರು ಬಂದರೆ ದೊರೆತನವೂ ಬಂದೀತೆಂದು ಇತರರು. ಇಂಗ್ಲೆಂಡಿನ ಕವಿ ಟಿ. ಎಸ್. ಎಲಿಯಟ್ಟರು ಇದನ್ನು ವಿರೋಧಿಸಿ ಒಂದು ಕಿರುಹೊತ್ತಗೆಯನ್ನೇ ಬರೆದರು. ಕೊನೆಗೆ ಕಂಡುಕೊಂಡ ದಾರಿ ಇದು: ಈಗಾಗಲೇ ಇರುವ ಪಾದ್ರಿಗಳೆಲ್ಲರನ್ನೂ ಮತ್ತೆ ದೀಕ್ಷೆಯಿಲ್ಲದೆ ಒಪ್ಪುವುದು, ಮುಂದಿನವರಿಗೆಲ್ಲ ಬಿಷಪರೇ ದೀಕ್ಷೆ ಕೊಡುವುದು, ಆ ಬಿಷಪರನ್ನು ಸಭೆಯೇ ಆರಿಸುವುದು. ಅಜರಯ್ಯನವರು ಫಲವನ್ನು ಕಾಣಲಿಲ್ಲ; 1945ರ ಜನವರಿಯಲ್ಲಿಯೇ ಕಣ್ಣುಮುಚ್ಚಿದರು.

ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರ ಕಳೆದಿತ್ತು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್ಲಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಆ ದಿನ ಒಂಬತ್ತು ಮಂದಿ ಹೊಸ ಬಿಷಪರಿಗೆ ದೀಕ್ಷೆಯಾಯಿತು. ಅವರಲ್ಲಿ ಮೈಸೂರಿಗೆ ನೇಮಕವಾದವರು ಪಿ. ಗುರುಶಾಂತರು, ಮೆಥಡಿಸ್ಟ್ ಪರಂಪರೆಯವರು. ಲಂಡನ್ನಿನ ಬಿಷಪರು ಯಾವುದನ್ನು ಕೊಡಲೊಲ್ಲೆನೆಂದಿದ್ದರೋ ಅದು ವೆಸ್ಲಿಯ ಹಾದಿಯ ಕನ್ನಡಿಗರೊಬ್ಬರಿಗೆ ಕೇಳದೆಯೇ ಬಂದಿತು.

ಹೊಸ ಸಭೆಯವರು ಪದವಿಯ ಹೆಸರಿನಲ್ಲಿಯೂ ಒಂದು ಮಾರ್ಪಾಡು ಮಾಡಿದರು. ಅದುವರೆಗೆ 'ಮದರಾಸಿನ ಬಿಷಪ್' ಎನ್ನುತ್ತಿದ್ದುದನ್ನು ಬಿಟ್ಟು 'ಮದರಾಸಿನಲ್ಲಿ ಬಿಷಪ್', 'ಮೈಸೂರಿನಲ್ಲಿ ಬಿಷಪ್' ಎಂದು ಬರೆಯತೊಡಗಿದರು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಷಷ್ಠೀ ವಿಭಕ್ತಿ ಹೋಗಿ ಸಪ್ತಮೀ ವಿಭಕ್ತಿ ಬಂದಿತು. ಷಷ್ಠಿಯಲ್ಲಿ ಒಡೆತನದ ಛಾಯೆಯುಂಟು. ಸಪ್ತಮಿಯಲ್ಲಿ ಇರುವಿಕೆ ಮಾತ್ರ.

ಗುರುಶಾಂತರ ಅನಂತರ 1951ರಿಂದ 1970ರವರೆಗೆ ನಾರ್ಮನ್ ಸಾರ್ಜೆಂಟರು ಈ ಸ್ಥಾನದಲ್ಲಿದ್ದರು. ಹುಟ್ಟಿನಿಂದ ಆಂಗ್ಲರಾದರೂ ಅವರು ವೀರಶೈವ ಧರ್ಮವನ್ನು ಅಭ್ಯಾಸಮಾಡಿ ಪುಸ್ತಕ ಬರೆದರು. 1970ರಲ್ಲಿ ಮೈಸೂರು ಸಭಾಪ್ರಾಂತವು ಉತ್ತರ, ಮಧ್ಯ, ದಕ್ಷಿಣ ಎಂದು ಮೂರಾಯಿತು. ಬಿಷಪರ ಪೀಠಗಳು ಧಾರವಾಡ, ಬೆಂಗಳೂರು, ಮಂಗಳೂರುಗಳಿಗೆ ಹೋದವು. ಹುಣಸೂರಿನ ಸೀಮೆ ಈಗ ಮಂಗಳೂರಿನ ಬಿಷಪರಿಗೆ ಸೇರಿದೆ.

ಈ ಸಭೆಯಲ್ಲಿ ಆರ್ಚ್‌ಬಿಷಪರಿಲ್ಲ. ಬಿಷಪರಲ್ಲಿಯೇ ಒಬ್ಬರನ್ನು ಸಿನಡ್ ಎಂಬ ಮಹಾಸಭೆ ಗೊತ್ತಾದ ಅವಧಿಗೆ ಮಾಡರೇಟರ್ ಎಂದು ಆರಿಸುತ್ತದೆ. ಅವಧಿ ಮುಗಿದೊಡನೆ ಆ ಹಿರಿತನವೂ ಮುಗಿಯುತ್ತದೆ. ಚುನಾವಣೆಯಿದ್ದಲ್ಲಿ ಪೈಪೋಟಿಯೂ ಇರುವುದಷ್ಟೆ. ಇತ್ತೀಚಿನ ವರ್ಷಗಳಲ್ಲಿ ಈ ಚುನಾವಣೆಗಳ ವ್ಯಾಜ್ಯ ನ್ಯಾಯಾಲಯದವರೆಗೆ ಹೋದುದುಂಟು. ಆದರೆ ದೊರೆಯ ಮುದ್ರೆಗೆ ಕಾಯುತ್ತಿದ್ದ ಪದವಿಗೆ ಈಗ ಊರಿನ ಸಭೆಗಳಿಂದ ಹೋದ ಪ್ರತಿನಿಧಿಗಳು ಹೆಸರು ಸೂಚಿಸುತ್ತಾರೆ. 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಪುಷ್ಪಲಲಿತಾ ಎಂಬ ಮಹಿಳೆ ಬಿಷಪರಾದರು. ದಕ್ಷಿಣ ಭಾರತ ಸಭೆಯಲ್ಲಿ ಕುರುಬನ ಕೋಲನ್ನು ಹಿಡಿದ ಮೊದಲ ಹೆಣ್ಣುಮಗಳು ಅವರು.