ಒಲವಿಲ್ಲದ ಕೆಲಸವೂ ಸಾರ್ಥಕವೇ?

ಮಾಡುವ ವೃತ್ತಿಯಲ್ಲಿ ಒಲವಿಲ್ಲದಿದ್ದರೆ ಬದುಕೇ ವ್ಯರ್ಥವೆಂಬ ಮಾತನ್ನು ನಮ್ಮ ಮನೆಗಳ ತರುಣರಿಂದ ಪದೇ ಪದೇ ಕೇಳುತ್ತಿದ್ದೇವೆ. ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯರು ಧರ್ಮರಾಜನಿಗೆ ಹೇಳಿದ ಧರ್ಮವ್ಯಾಧನ ಉಪಾಖ್ಯಾನದಲ್ಲಿ ಈ ಸಂಶಯಕ್ಕೆ ಸಮಾಧಾನವಿದೆ.

ಕೋಪದ ನೋಟದಿಂದಲೇ ಕೊಕ್ಕರೆಯನ್ನು ಕೊಂದ ಕೌಶಿಕನೆಂಬ ತಪಸ್ವಿಯು, ಗೃಹಿಣಿಯೊಬ್ಬಳ ಮಾತಿನಂತೆ ಧರ್ಮವನ್ನರಿಯಲು ಮಿಥಿಲೆಗೆ ಬಂದನು. ಅಲ್ಲಿ ಅವನಿಗೆ ಉಪದೇಶಕನಾಗಿ ದೊರೆತವನು ಮಾಂಸ ಮಾರುವ ವ್ಯಾಧ! ಈ ಕರ್ಮ ನಿನಗೆ ತಕ್ಕುದಲ್ಲವೆಂದು ಕೌಶಿಕನು ಮರುಗಿದಾಗ ವ್ಯಾಧನು ತನ್ನ ವೃತ್ತಿಯನ್ನು ಹೊಗಳಿಕೊಳ್ಳಲಿಲ್ಲ. ಅದು ಘೋರವೆಂದೇ ಒಪ್ಪಿದನು. ಆದರೂ ಸತ್ಯವನ್ನು ನುಡಿಯುತ್ತ, ಯಾರ ಮೇಲೂ ಅಸೂಯೆಪಡದೆ, ಶಕ್ತ್ಯನುಸಾರ ದಾನ ಮಾಡುತ್ತ ಬಾಳಿದ್ದನು. ವೃದ್ಧ ಮಾತಾಪಿತೃಗಳನ್ನು ತೋರಿಸಿ, ಇವರೇ ತನ್ನ ದೈವವೆಂದನು.

ಇದರಿಂದ ನಾವು ತಿಳಿಯಬೇಕಾದುದೇನು? ಒಲವಿದ್ದರೆ ಒಳ್ಳೆಯದೇ, ಅದಕ್ಕೊಪ್ಪುವ ಉದ್ಯೋಗ ದೊರೆತರೆ ಸ್ವೀಕರಿಸುವುದು ದೋಷವಲ್ಲ. ಆದರೆ ಒಲವು ಬರುತ್ತದೆ, ಹೋಗುತ್ತದೆ. ಯಾರಿಗಾಗಿ, ಎಷ್ಟು ಪ್ರಾಮಾಣಿಕವಾಗಿ ದುಡಿಯುತ್ತೇವೆಂಬುದು ಮಾತ್ರ ಪ್ರತಿದಿನವೂ ನಮ್ಮ ವಿವೇಕಕ್ಕೆ ಸೇರಿದುದು. ಕಚೇರಿಯ ಲೆಕ್ಕವನ್ನು ತಪ್ಪಿಲ್ಲದೆ ಬರೆದು, ಸಂಜೆ ವೃದ್ಧ ತಂದೆಗೆ ಔಷಧ ಕೊಡುವವನ ದಿನವು ಎಂದಿಗೂ ವ್ಯರ್ಥವಲ್ಲ. ಆ ದುಡಿಮೆಯೂ ಹರಿಯ ಪೂಜೆಯೇ ಎಂಬ ಅನುಸಂಧಾನ ನಮ್ಮೆಲ್ಲರಲ್ಲಿ ನೆಲೆಸಲಿ.

ಶ್ರೀಕೃಷ್ಣಾರ್ಪಣಮಸ್ತು.