ಅಡವಿಯ ಹೂವುಗಳ ಪಾಠ

ಮಳೆಗಾಲ ಬರುವ ಮೊದಲೇ, ಬಿಸಿಲು ಸುಡುತ್ತಿರುವಾಗ, ಕಾಡಿನ ಮರಗಳು ಹೂವಿಡುವುದೇಕೆ? ಮಾದಾಪುರದ ಕಾಡಂಚಿನಲ್ಲಿ ಪ್ರಕೃತಿಪಾಠಕ್ಕಾಗಿ ಸಂಚರಿಸುತ್ತಿದ್ದಾಗ ಬಾಲಿಕೆಯೊಬ್ಬಳು ನಮ್ಮನ್ನು ಹೀಗೆ ಕೇಳಿದಳು. ಪ್ರಶ್ನೆಯು ಕಿರಿದಾದರೂ ಪಾಠವು ದೊಡ್ಡದು.

ಮಾರ್ಚ್ ತಿಂಗಳ ಹೊತ್ತಿಗೆ ಆನೆಕಾಡಿನ ಕಡೆಯ ಒಣಕಾಡುಗಳಲ್ಲಿ ಮುತ್ತುಗವು ಎಲೆಯುದುರಿಸಿ ಕೆಂಡದಂತೆ ಅರಳುವುದು. ಮಲೆಯ ಹಸುರು ಕಾಡಿನಲ್ಲಿ ನಾಗಸಂಪಿಗೆಯು ಕೆಂಪು ಚಿಗುರಿನ ನಡುವೆ ಬಿಳಿಯ ಹೂವನ್ನು ತೋರುವುದು. ಸುರಗಿಯ ಹೂವುಗಳಾದರೋ ಕೊಂಬೆಗೇ ಅಂಟಿ ಬಿಡುವುವು. ಒಣಗಿದ ಮೇಲೂ ಅವುಗಳ ಪರಿಮಳ ಹೋಗದು.

ಒಣಗಾಲದಲ್ಲಿ ಮಕರಂದವನ್ನು ಮಳೆ ತೊಳೆಯದು. ಜೇನ್ನೊಣಗಳೂ ಹಕ್ಕಿಗಳೂ ಅಡ್ಡಿಯಿಲ್ಲದೆ ಹಾರಾಡುವುವು. ಎಲೆಯಿಲ್ಲದ ಮರದ ಹೂವು ದೂರಕ್ಕೆ ಕಾಣುವುದು. ಮುತ್ತುಗದ ತೆಳುವಾದ ಕಾಯಿಯು ಮಳೆಗೆ ಮುನ್ನ ಗಾಳಿಯಲ್ಲಿ ತೇಲಿಹೋಗಿ, ನೆಲ ನೆನೆದೊಡನೆ ಮೊಳೆಯುವುದು. ಕಾಫಿಯ ಮೊಗ್ಗು ಮಾತ್ರ ಹೂಮಳೆಗಾಗಿ ಕಾದಿದ್ದು, ಎಂಟು ಹತ್ತು ದಿನಗಳಲ್ಲಿ ಅರಳಿ, ಬೇಗನೆ ಬಾಡುವುದು. ಉಳಿದ ದಿನಗಳಲ್ಲಿ ಜೇನ್ನೊಣಗಳನ್ನು ಸಾಕುವುದು ಅಡವಿಯ ಹೂವುಗಳೇ. ಆದುದರಿಂದ ಕಾಡು ಬಡವಾದರೆ ತೋಟವೂ ಬಡವಾಗುವುದು.

ಮಳೆಗಾಲದ ಹೊಸ್ತಿಲಿನಲ್ಲಿ ಹಳೆಯ ಮರಗಳ ಮೇಲೆ ಸೀತಾಳೆದಂಡೆಯು ಜಡೆಯಂತೆ ಇಳಿಬಿದ್ದು ಅರಳುವುದು. ಇದನ್ನು ಬಂದಳಿಕೆಯೆಂದು ತಿಳಿಯುವುದು ತಪ್ಪು. ಬಂದಳಿಕೆಯು ಮರದ ರಸವನ್ನು ಹೀರುವುದು. ಸೀತಾಳೆದಂಡೆಯಾದರೋ ಮರದಲ್ಲಿ ಆಶ್ರಯವನ್ನು ಮಾತ್ರ ಪಡೆದು, ಮಳೆ ಮಂಜುಗಳ ನೀರನ್ನು ತನ್ನ ಬೇರುಗಳಿಂದಲೇ ಹೀರಿಕೊಳ್ಳುವುದು. ಮರವನ್ನು ಕಡಿದರೆ ಅದರ ಮನೆಯೂ ಹೋಯಿತು.

ಮನೆ ಹೋಗುವ ದುಃಖವನ್ನು ನಮ್ಮ ಸೀಮೆಯವರು ಬಲ್ಲರು. 2018ರ ಆಗಸ್ಟ್ ತಿಂಗಳಲ್ಲಿ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರುಗಳ ಸುತ್ತ ಗುಡ್ಡಗಳು ಜಾರಿ ಮನೆಗಳೂ ತೋಟಗಳೂ ಮಣ್ಣುಪಾಲಾದುವು. ಅಂಥ ಅತಿವೃಷ್ಟಿಯಲ್ಲಿ ಕಾಡಿದ್ದ ಇಳಿಜಾರುಗಳೂ ಕುಸಿದುದುಂಟು. ಆದಕಾರಣ ಮರವೊಂದೇ ಸರ್ವರಕ್ಷೆಯೆಂದು ನಾವು ಹೇಳೆವು. ಆದರೂ ಬೇರುಗಳು ಮಣ್ಣನ್ನು ಹಿಡಿಯುವುವು, ತರಗೆಲೆಯು ಮಳೆಯ ಹೊಡೆತವನ್ನು ತಾಳುವುದು ಎಂಬುದು ನಿಜ. ಕೊಡಗಿನಲ್ಲಿ ಸುಮಾರು 1,200 ದೇವರಕಾಡುಗಳನ್ನು ಉಳಿಸಿಕೊಂಡು ಬಂದ ಹಿರಿಯರು ಈ ಮರ್ಮವನ್ನು ಅರಿತಿದ್ದರೆಂದು ತೋರುವುದು.

ತಾಯಿತಂದೆಗಳೇ, ಹಳೆಯ ವಿದ್ಯಾರ್ಥಿನಿಯರೇ, ತೋಟದಲ್ಲಿ ನಾಡಮರವನ್ನು ಕಡಿದು ಸಿಲ್ವರ್ ಓಕ್ ನೆಡುವ ಮುನ್ನ ಒಮ್ಮೆ ಯೋಚಿಸಿರಿ. ಆಸ್ಟ್ರೇಲಿಯದಿಂದ ಬಂದ ಆ ಮರವು ಬೇಗನೆ ಬೆಳೆದು ಹಣ ತರುವುದು ದಿಟ. ಆದರೆ ನೂರು ವರ್ಷದ ನಾಗಸಂಪಿಗೆಯನ್ನು ಯಾವ ಹಣದಿಂದಲೂ ನಾಳೆಗೆ ತರಲಾಗದು. ಮಕ್ಕಳೊಡನೆ ಒಂದು ಮರದಡಿ ನಿಂತು ಅದರ ಹೆಸರನ್ನು ಕಲಿಸಿರಿ. ಹೆಸರನ್ನರಿತ ಮರಕ್ಕೆ ಕೊಡಲಿಯೆತ್ತಲು ಕೈ ಹಿಂಜರಿಯುವುದು. ಅಡವಿಯ ಹೂವನ್ನು ಗಮನಿಸೆಂದು ನಮ್ಮ ಕರ್ತನೇ ಬೆಟ್ಟದ ಮೇಲೆ ಕುಳಿತು ಕಲಿಸಲಿಲ್ಲವೇ?