ಹಳೇ ಧಾರಾವಾಹಿ, ಹೊಸ ಟಿವಿ: ಎಐ ಮೆರುಗು ಕೊಡುವ ಕ್ರಮ

ಡಿವಿಡಿಯ ಒಂದು ಫ್ರೇಮಿನಲ್ಲಿ ಇರುವುದು 720 × 576 ಪಿಕ್ಸೆಲ್, ಅಂದರೆ ನಾಲ್ಕು ಲಕ್ಷಕ್ಕೆ ತುಸು ಹೆಚ್ಚು. ಅದೇ ಚಿತ್ರ ಫೋರ್‌ಕೆ ಟಿವಿಗೆ ಬಂದಾಗ, ಎರಡೂ ಬದಿಯ ಕಪ್ಪು ಪಟ್ಟಿಯನ್ನು ಕಳೆದರೂ, ಸುಮಾರು 62 ಲಕ್ಷ ಪಿಕ್ಸೆಲ್‌ಗಳ ಜಾಗ ತುಂಬಬೇಕು. ಒಂದಿದ್ದಲ್ಲಿಗೆ ಹದಿನೈದು! ಉಳಿದ ಹದಿನಾಲ್ಕನ್ನು ಟಿವಿ ಅಕ್ಕಪಕ್ಕದ ಬಣ್ಣ ಸವರಿ ಹೇಗೋ ತುಂಬುತ್ತದೆ. ‘ಮಾಲ್ಗುಡಿ ಡೇಸ್’ ಡಿವಿಡಿ ಇಟ್ಟುಕೊಂಡವರಿಗೂ ‘ಮಾಯಾಮೃಗ’ವನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡವರಿಗೂ ದೊಡ್ಡ ಪರದೆಯಲ್ಲಿ ಮಸುಕೇ ಸಿಗುವುದು ಇದರಿಂದ.

ಎಐ ಅಪ್‌ಸ್ಕೇಲಿಂಗ್ ಕೂಡ ಊಹೆಯೇ, ಆದರೆ ಪಾಠ ಕಲಿತು ಮಾಡುವ ಊಹೆ. ಸ್ಪಷ್ಟ ಚಿತ್ರವನ್ನೂ ಅದನ್ನೇ ಬೇಕೆಂದು ಕೆಡಿಸಿದ ಪ್ರತಿಯನ್ನೂ ಜೋಡಿ ಜೋಡಿಯಾಗಿ ತೋರಿಸಿ, ಕೆಟ್ಟದ್ದರಿಂದ ಒಳ್ಳೆಯದನ್ನು ಕಟ್ಟುವುದನ್ನು ತಂತ್ರಾಂಶಕ್ಕೆ ಕಲಿಸಿರುತ್ತಾರೆ. ಸೀರೆಯ ಅಂಚು, ಹೆಂಚಿನ ಸಾಲು, ಹತ್ತಿರದ ಮುಖದ ಹುಬ್ಬು ಇವನ್ನೆಲ್ಲ ಅದು ಚೆನ್ನಾಗಿ ಕಟ್ಟುತ್ತದೆ. ಹಿಂದೆ ನಿಂತವರ ಮುಖ ಮತ್ತು ಗೋಡೆಯ ಮೇಲಿನ ಬರಹಕ್ಕೆ ಬಂದಾಗ ಎಡವುತ್ತದೆ. ಅಮೆರಿಕದ ಹಾಸ್ಯ ಧಾರಾವಾಹಿ ‘ಎ ಡಿಫರೆಂಟ್ ವರ್ಲ್ಡ್’ 2025ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಾಗ ನೋಡುಗರು ಗುರುತಿಸಿದ್ದು ಇದನ್ನೇ: ಹಿನ್ನೆಲೆಯ ಮುಖಗಳು ಸೊಟ್ಟ, ಪೋಸ್ಟರುಗಳ ಅಕ್ಷರ ಯಾವ ಭಾಷೆಯದೂ ಅಲ್ಲ.

ಮೊದಲು ಕೇಳಿಕೊಳ್ಳಬೇಕಾದದ್ದು: ಫಿಲ್ಮ್ ಉಳಿದಿದೆಯೇ?

ಹಕ್ಕು ನಿಮ್ಮದೇ ಆಗಿದ್ದು, ಧಾರಾವಾಹಿ ಫಿಲ್ಮಿನಲ್ಲಿ ಚಿತ್ರೀಕರಣವಾಗಿದ್ದರೆ ಎಐ ಮಾತು ಆಮೇಲೆ. ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ 35 ಎಂಎಂ ಫಿಲ್ಮಿನಲ್ಲಿ ತೆಗೆದದ್ದು, ಸಂಕಲನ ಮತ್ತು ವಿಶೇಷ ಪರಿಣಾಮದ ದೃಶ್ಯಗಳ ಜೋಡಣೆ ಮಾತ್ರ ವಿಡಿಯೊ ಟೇಪಿನಲ್ಲಿ ಆಗಿತ್ತು. 2012ರಿಂದ 2014ರವರೆಗೆ ಅದು ಬ್ಲೂರೇಯಲ್ಲಿ ಬಂದಾಗ ಮೂಲ ನೆಗೆಟಿವ್‌ಗಳನ್ನು ಹುಡುಕಿ, ಹೊಸದಾಗಿ ಸ್ಕ್ಯಾನ್ ಮಾಡಿ, ಏಳೂ ಸೀಸನ್ನುಗಳನ್ನು ಒಂದೊಂದೇ ಶಾಟ್ ಜೋಡಿಸಿ ಮತ್ತೆ ಕಟ್ಟಿದರು. ಖರ್ಚು ಹೆಚ್ಚು, ಫಲವೂ ಹಾಗೇ. ಅದರ ಬೆನ್ನಿಗೆ ಬಂದ ‘ಡೀಪ್ ಸ್ಪೇಸ್ ನೈನ್’ ಧಾರಾವಾಹಿಗೆ ಆ ಭಾಗ್ಯ ಸಿಗಲಿಲ್ಲ. ಡಿವಿಡಿಯನ್ನೇ ಎಐಗೆ ಕೊಟ್ಟು ಅಭಿಮಾನಿಗಳು ಮನೆಯಲ್ಲೇ ಪ್ರಯೋಗಕ್ಕಿಳಿದದ್ದು ಆ ಕೊರತೆಯಿಂದ. ಆ ಧಾರಾವಾಹಿಯ ಕುರಿತ ‘ವಾಟ್ ವಿ ಲೆಫ್ಟ್ ಬಿಹೈಂಡ್’ ಸಾಕ್ಷ್ಯಚಿತ್ರಕ್ಕಾಗಿ ಕೆಲವು ದೃಶ್ಯಗಳನ್ನು ಮೂಲ ಫಿಲ್ಮಿನಿಂದ ಸ್ಕ್ಯಾನ್ ಮಾಡಿದ್ದರು. ಅವುಗಳ ಪಕ್ಕದಲ್ಲಿ ಎಐ ಪ್ರತಿಯನ್ನು ಇಟ್ಟರೆ ಯಾವುದು ಕಂಡದ್ದು, ಯಾವುದು ಊಹಿಸಿದ್ದು ಎಂದು ಬೇರೆ ಹೇಳಬೇಕಿಲ್ಲ.

ಇಲ್ಲಿನ ನಿರ್ಮಾಪಕರಿಗೂ ಇದು ಅನ್ವಯ. ಗೋದಾಮಿನಲ್ಲಿ ನೆಗೆಟಿವ್ ಡಬ್ಬಿಗಳಿದ್ದರೆ ಅವನ್ನು ಸ್ಕ್ಯಾನಿಗೆ ಕೊಡಿ. ಎಐ ಇರುವುದು ಟೇಪ್ ಬಿಟ್ಟರೆ ಬೇರೇನೂ ಉಳಿಯದ ಕಾರ್ಯಕ್ರಮಗಳಿಗೆ.

ಚಿತ್ರವನ್ನು ಕಂಪ್ಯೂಟರಿಗೆ ತರುವುದು

ಯೂಟ್ಯೂಬಿನಿಂದ ಇಳಿಸಿದ ಕಡತವನ್ನು ಮೂಲವಾಗಿ ಬಳಸಬೇಡಿ. ಅಲ್ಲಿ ಒಮ್ಮೆ ಹಿಂಡಿ ಚಿಕ್ಕದು ಮಾಡಿರುತ್ತಾರೆ. ಆ ಹಿಂಡಿದ ಗುರುತುಗಳನ್ನೂ ಎಐ ಚಿತ್ರದ ಭಾಗವೆಂದೇ ತಿಳಿದು ತಿದ್ದಿ ತೀಡುತ್ತದೆ. ಡಿವಿಡಿ ಇದ್ದರೆ ಮೇಕ್‌ಎಂಕೆವಿಯಂಥ ತಂತ್ರಾಂಶದಿಂದ ಇದ್ದದ್ದನ್ನು ಇದ್ದಂತೆ ಎತ್ತಿಕೊಳ್ಳಿ.

ಕ್ಯಾಸೆಟ್ ಆದರೆ ಕೆಲಸ ಹೆಚ್ಚು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮೊದಲು ಬೂಷ್ಟು ನೋಡಿ. ಕಿಟಕಿಯಿಂದ ಕಾಣುವ ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿ ಇದ್ದರೆ ವಿಸಿಆರ್‌ಗೆ ಹಾಕಲೇಬಾರದು. ಹೆಡ್ ಕೆಡುವುದಲ್ಲದೆ ಮುಂದೆ ಹಾಕುವ ಕ್ಯಾಸೆಟ್ಟಿಗೂ ಅದು ಅಂಟುತ್ತದೆ. ಅಂಥದ್ದನ್ನು ತಿಳಿದವರ ಕೈಯಲ್ಲಿ ಶುಚಿ ಮಾಡಿಸಿ. ಒಳ್ಳೆಯ ಕ್ಯಾಸೆಟ್ಟಿಗೆ ಎಸ್-ವಿಡಿಯೊ ಔಟ್‌ಪುಟ್ ಇರುವ ವಿಸಿಆರ್ ಸಿಕ್ಕರೆ ಹಳದಿ ಪಿನ್ನಿನ ಕೇಬಲ್ಲಿಗಿಂತ ಮೇಲು. ಅಲುಗುವ ಅಂಚುಗಳನ್ನು ನೆಟ್ಟಗೆ ನಿಲ್ಲಿಸಲು ಟೈಮ್ ಬೇಸ್ ಕರೆಕ್ಟರ್ ಬೇಕು. ಬಾಗಿದ ಗೆರೆಯನ್ನು ಎಐ ನೇರ ಮಾಡುವುದಿಲ್ಲ, ಬಾಗಿದ್ದನ್ನೇ ಚೂಪಾಗಿಸಿ ತೋರಿಸುತ್ತದೆ. ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1ನಂಥ ನಷ್ಟವಿಲ್ಲದ ವಿಧಾನದಲ್ಲಿ ಉಳಿಸಿ. ಗಂಟೆಗೆ ಸುಮಾರು 30 ಜಿಬಿ ಬೇಡುತ್ತದೆ, ಹಾರ್ಡ್ ಡಿಸ್ಕ್ ದೊಡ್ಡದಿರಲಿ.

ಗೆರೆ ಬಿಡಿಸುವುದು

ಎಐ ಕೆಟ್ಟದಾಗಿದೆ ಎಂದು ದೂರುವವರಲ್ಲಿ ಹೆಚ್ಚಿನವರು ಸೋತಿರುವುದು ಈ ಹಂತದಲ್ಲಿ. ದೂರದರ್ಶನ ಬಳಸಿದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್. ಪ್ರತಿ ಫ್ರೇಮೂ ಎರಡು ಕಂತಿನಲ್ಲಿ ಬರುತ್ತದೆ: ಒಮ್ಮೆ ಬೆಸ ಗೆರೆಗಳು, ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ ಸಮ ಗೆರೆಗಳು. ಅಷ್ಟರಲ್ಲಿ ಓಡುವ ಹುಡುಗ ಒಂದಿಷ್ಟು ಮುಂದೆ ಹೋಗಿರುತ್ತಾನೆ. ಕಂಪ್ಯೂಟರಿನಲ್ಲಿ ನಿಲ್ಲಿಸಿ ನೋಡಿದರೆ ಅವನ ಕೈ ಬಾಚಣಿಗೆಯ ಹಲ್ಲಿನಂತೆ ಸೀಳಿರುತ್ತದೆ. ಈ ಹಲ್ಲುಗಳನ್ನು ಹಾಗೇ ಎಐಗೆ ಕೊಟ್ಟರೆ ಅದು ಹಲ್ಲುಗಳಿಗೇ ಮೆರುಗು ಕೊಡುತ್ತದೆ.

ಚಲನೆ ಇರುವ ಒಂದು ದೃಶ್ಯ ಆರಿಸಿ ಫ್ರೇಮ್ ಫ್ರೇಮಾಗಿ ಮುಂದೆ ಸರಿಸಿ. ಎಲ್ಲ ಫ್ರೇಮಿನಲ್ಲೂ ಹಲ್ಲು ಕಂಡರೆ ಅದು ವಿಡಿಯೊ ಕ್ಯಾಮೆರಾದ್ದು. ಕ್ಯೂಟಿಜಿಎಂಸಿ ಎಂಬ ಉಚಿತ ಫಿಲ್ಟರಿನಿಂದ ಅದನ್ನು ಸೆಕೆಂಡಿಗೆ 50 ಪೂರ್ಣ ಫ್ರೇಮುಗಳಾಗಿ ಬಿಡಿಸಿ. ಕೋಡ್ ಬರೆಯಲು ಬಾರದವರಿಗೆ ‘ಹೈಬ್ರಿಡ್’ ಎಂಬ ತಂತ್ರಾಂಶದಲ್ಲಿ ಅದು ಗುಂಡಿ ಒತ್ತುವಷ್ಟು ಸುಲಭ. 25ಕ್ಕೇ ನಿಲ್ಲಿಸಿದರೆ ಟಿವಿಯ ಆ ನುಣುಪಾದ ಚಲನೆ ಹೋಗುತ್ತದೆ. ಎಲ್ಲೂ ಹಲ್ಲಿಲ್ಲದಿದ್ದರೆ ಅದು ಬಹುಶಃ ಫಿಲ್ಮಿನಿಂದ ಬಂದದ್ದು, ಬಿಡಿಸುವ ಕೆಲಸವೇ ಇಲ್ಲ. ಬಿಡಿಸಿದ ಮೇಲೆ ಚಿತ್ರ ಹಿಂದೆ ಮುಂದೆ ಜಗ್ಗಿದಂತೆ ನಡುಗಿದರೆ ಬೆಸ ಮೊದಲೋ ಸಮ ಮೊದಲೋ ಎಂಬ ಆಯ್ಕೆ ತಲೆಕೆಳಗಾಗಿದೆ ಎಂದರ್ಥ, ಬದಲಿಸಿ.

ಅಮೆರಿಕದ ಡಿಸ್ಕುಗಳ ಕಥೆಯೇ ಬೇರೆ. ಅಲ್ಲಿ ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು ಸುಮಾರು 30ಕ್ಕೆ ಹಿಗ್ಗಿಸಿರುತ್ತಾರೆ, ಅದನ್ನು ಹಿಂದಕ್ಕೆ ತರಬೇಕು. ‘ಡೀಪ್ ಸ್ಪೇಸ್ ನೈನ್’ನಲ್ಲಿ ನಟರ ದೃಶ್ಯ ಒಂದು ಲೆಕ್ಕದಲ್ಲಿ, ಕೆಲವು ವಿಶೇಷ ಪರಿಣಾಮದ ದೃಶ್ಯಗಳು ಇನ್ನೊಂದು ಲೆಕ್ಕದಲ್ಲಿ ಇರುವುದರಿಂದ ಅಭಿಮಾನಿಗಳು ಹೆಚ್ಚು ತಲೆ ಕೆಡಿಸಿಕೊಂಡದ್ದು ಎಐಗಿಂತ ಇದರ ಮೇಲೆ.

ಇದೇ ಹಂತದಲ್ಲಿ ಕ್ಯಾಸೆಟ್ ಚಿತ್ರದ ತಳದಲ್ಲಿ ಕುಣಿಯುವ ಹರಿದ ಪಟ್ಟಿಯನ್ನು ಕತ್ತರಿಸಿ, ಬಣ್ಣದ ಕಲೆಯನ್ನು ಹಗುರಾಗಿ ತಗ್ಗಿಸಿ.

ಈಗ ಎಐ

ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡು, 8 ಜಿಬಿ ಮೆಮೊರಿ ಇದ್ದರೆ ಕೆಲಸ ಸಾಗುತ್ತದೆ. ಹಣ ಕೊಡುವವರಿಗೆ ಟೋಪಾಜ್ ವಿಡಿಯೊ, ಕೊಡದವರಿಗೆ ವಿಡಿಯೊ2ಎಕ್ಸ್. ಟೋಪಾಜಿನಲ್ಲಿ ‘ಪ್ರೋಟಿಯಸ್’ ಮಾದರಿಯಿಂದ ಶುರು ಮಾಡಿ. ಅದರ ತಿರುಗಣೆಗಳು ನಿಮ್ಮ ಕೈಯಲ್ಲಿರುತ್ತವೆ. ಮುಖಗಳಿಗಾಗಿ ಇರುವ ‘ಐರಿಸ್’ ಮೊದಲ ನೋಟಕ್ಕೆ ಮರುಳು ಮಾಡುತ್ತದೆ. ಆದರೆ ಅದು ಕಟ್ಟಿದ ಕಣ್ಣು ನಿಮ್ಮ ಮೆಚ್ಚಿನ ನಟಿಯದ್ದೇ ಎಂದು ಖಾತ್ರಿ ಹೇಳಲಾಗದು.

ಇಡೀ ಕಂತಿಗೆ ಕೈ ಹಾಕುವ ಮೊದಲು ಹತ್ತು ಹತ್ತು ಸೆಕೆಂಡಿನ ತುಣುಕು ತೆಗೆಯಿರಿ: ಒಂದು ಹತ್ತಿರದ ಮುಖ, ಒಂದು ಜಾತ್ರೆ ಅಥವಾ ಮದುವೆಮನೆ, ಒಂದು ರಾತ್ರಿಯ ದೃಶ್ಯ, ಮತ್ತು ಹೆಸರುಗಳು ಬರುವ ಭಾಗ. ಕನ್ನಡದ ಒತ್ತಕ್ಷರಗಳನ್ನು ಒಂದೊಂದಾಗಿ ಓದಿ ನೋಡಿ. ಕೆಟ್ಟಿದ್ದರೆ ಆ ಭಾಗಕ್ಕೆ ಎಐ ಬೇಡ, ಮಾಮೂಲಿ ಹಿಗ್ಗಿಸುವಿಕೆ ಸಾಕು.

ಅಳತೆ ಎರಡು ಪಟ್ಟು ಮೀರದಿರಲಿ. 576 ಗೆರೆ 1152 ಆಗುತ್ತದೆ, ಅದನ್ನು 1080ಕ್ಕೆ ಇಳಿಸಿ. ಟೇಪಿನಿಂದ ಫೋರ್‌ಕೆ ಮಾಡುವ ಆಸೆಯನ್ನು ಬಿಟ್ಟುಬಿಡಿ. ಅಲ್ಲಿ ಸಿಗುವುದು ಮೇಣದ ಬೊಂಬೆ. ಚೂಪು, ಕಲೆ ತೆಗೆಯುವುದು ಎರಡನ್ನೂ ಸಾಕೆನಿಸಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿ, ಕೊನೆಯಲ್ಲಿ ತೆಳುವಾಗಿ ಗ್ರೇನ್ ಸೇರಿಸಿದರೆ ಚರ್ಮ ಚರ್ಮದಂತೆ ಕಾಣುತ್ತದೆ. 22 ನಿಮಿಷದ ಕಂತಿನಲ್ಲಿ, ಸೆಕೆಂಡಿಗೆ 50ರಂತೆ, 66,000 ಫ್ರೇಮ್. ಯಂತ್ರ ಸೆಕೆಂಡಿಗೆ ಆರು ಮುಗಿಸಿದರೆ ಮೂರು ಗಂಟೆ ಹಿಡಿಯುತ್ತದೆ. ರಾತ್ರಿ ಹಚ್ಚಿ ಮಲಗಿ. ಕರೆಂಟು ಹೋಗುವ ಊರಾದರೆ ಯುಪಿಎಸ್ ಇಟ್ಟುಕೊಳ್ಳಿ.

ಬಣ್ಣ, ಆಕಾರ, ಧ್ವನಿ

ಹಳೆಯ ಟಿವಿಯ ಬಣ್ಣದ ಮಾನದಂಡ 601, ಎಚ್‌ಡಿಯದು 709. ಪರಿವರ್ತಿಸದೆ ಬಿಟ್ಟರೆ ಚರ್ಮ ಮತ್ತು ಹಸಿರು ತುಸು ದಾರಿ ತಪ್ಪುತ್ತವೆ. ಆಕಾರ 4:3 ಇದ್ದಂತೆ, 1440 × 1080ರಲ್ಲಿ ಇರಲಿ. ಪರದೆ ತುಂಬಿಸಲು ತಲೆ ಕತ್ತರಿಸುವುದೂ ಅಡ್ಡಕ್ಕೆ ಎಳೆಯುವುದೂ ಬೇಡ. ಧ್ವನಿಯನ್ನು ಮುಟ್ಟದೆ ಮೂಲದಿಂದಲೇ ತಂದು ಎಂಕೆವಿಟೂಲ್‌ನಿಕ್ಸ್‌ನಲ್ಲಿ ಜೋಡಿಸಿ, ಕಂತಿನ ಕೊನೆಯ ಮಾತಿನಲ್ಲಿ ತುಟಿ ಮತ್ತು ದನಿ ಕೂಡುತ್ತವೆಯೇ ನೋಡಿ.

ಹಂಚುವ ಮುನ್ನ

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಖಾಸಗಿ ಬಳಕೆಗೆ ನ್ಯಾಯಯುತ ಮಿತಿಯಲ್ಲಿ ಅವಕಾಶ ಕೊಡುತ್ತದೆ. ಎಐ ಮೆರುಗು ಕೊಟ್ಟ ಮಾತ್ರಕ್ಕೆ ಧಾರಾವಾಹಿ ನಿಮ್ಮದಾಗುವುದಿಲ್ಲ. ಚಿತ್ರದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1987ರಲ್ಲಿ ಬಂದದ್ದು 2047ರ ಕೊನೆಯವರೆಗೆ ಹಕ್ಕುದಾರರದ್ದೇ. ಯೂಟ್ಯೂಬಿಗೆ ಏರಿಸುವುದಕ್ಕೂ ಮಾರುವುದಕ್ಕೂ ಅವರ ಒಪ್ಪಿಗೆ ಬೇಕು.

ಹಕ್ಕಿರುವವರು ಡಿಸ್ಕ್ ತರುವುದಾದರೆ ಒಂದು ತೊಡಕು ಮೊದಲೇ ತಿಳಿದಿರಲಿ. ಸೆಕೆಂಡಿಗೆ 50 ಪೂರ್ಣ ಫ್ರೇಮಿನ 1080 ಚಿತ್ರ ಸಾಮಾನ್ಯ ಬ್ಲೂರೇಯ ನಿಯಮದಲ್ಲಿಲ್ಲ. 720ಕ್ಕೆ ಇಳಿಸಿದರೆ 50 ಫ್ರೇಮ್ ಉಳಿಯುತ್ತದೆ. 1080ನ್ನೇ ಹಿಡಿದರೆ ಬಿಡಿಸಿದ ಗೆರೆಗಳನ್ನು ಮತ್ತೆ ಹೆಣೆಯಬೇಕು. ಚಲನೆ ಹೆಚ್ಚಿರುವ ಕಾರ್ಯಕ್ರಮಕ್ಕೆ 720 ನನ್ನ ಆಯ್ಕೆ. ಬದಿಯ ಕಪ್ಪು ಪಟ್ಟಿಯನ್ನೂ ಡಿಸ್ಕಿನಲ್ಲಿ ಚಿತ್ರದೊಳಗೇ ಸೇರಿಸಬೇಕಾಗುತ್ತದೆ. ಪೆನ್‌ಡ್ರೈವಿನಲ್ಲಿ ಕೊಡುವ ಎಂಕೆವಿ ಕಡತಕ್ಕೆ ಈ ಯಾವ ಕಟ್ಟುಪಾಡೂ ಇಲ್ಲ.